ಬ್ರೇನ್ ಗೇಮಿನಲ್ಲಿ ಸ್ಕೋರ್ ಏರುತ್ತಿದೆ, ಕಿರಾಣಿ ಸಾಮಾನು ಮಾತ್ರ ಅರ್ಧ ಬರುತ್ತಿದೆ

ಪ್ರಶ್ನೆ: ಮೇಡಂ, ನಮ್ಮದು ಮುಧೋಳ ಹತ್ತಿರದ ಹಳ್ಳಿ. ನಮ್ಮ ಅಣ್ಣನಿಗೆ 34 ವರ್ಷ, ಮಗ ಇದ್ದಾನೆ. ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಾಟಾ ಮೇಲೆ ಕೆಲಸ. ಕಬ್ಬಿನ ಗಾಡಿ ತೂಕ ಮಾಡಿ ಪಾವತಿ (ತೂಕದ ಚೀಟಿ) ಕೊಡುತ್ತಿದ್ದ. ಏಳು ತಿಂಗಳ ಹಿಂದೆ ರಾತ್ರಿ ಪಾಳಿ ಮುಗಿಸಿ ಬರುವಾಗ, ದೀಪ ಇಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಬೈಕ್ ಗುದ್ದಿತು. ಹೆಲ್ಮೆಟ್ ಇರಲಿಲ್ಲ. ತಲೆಯ ಆಪರೇಷನ್ ಆಯಿತು. ಈಗ ನಡೆಯುತ್ತಾನೆ, ಮಾತಾಡುತ್ತಾನೆ. ನೋಡಿದವರು ‘ಆರಾಮ ಅದಾನಲ್ಲ’ ಅನ್ನುತ್ತಾರೆ. ಆದರೆ ಹೇಳಿದ್ದು ಮರೆಯುತ್ತಾನೆ. ಬೇಗ ಸಿಟ್ಟಿಗೇಳುತ್ತಾನೆ. ಎರಡು ಕೆಲಸ ಒಟ್ಟಿಗೆ ಹೇಳಿದರೆ ತಬ್ಬಿಬ್ಬಾಗುತ್ತಾನೆ. ತನಗೇನೂ ಆಗಿಲ್ಲ ಅಂತ ವಾದ ಬೇರೆ. ಡಾಕ್ಟರು ‘ಮಿದುಳಿಗೆ ಕೆಲಸ ಕೊಡಿ’ ಅಂದರು. ಗೆಳೆಯನೊಬ್ಬ ಬ್ರೇನ್ ಗೇಮ್ ಆ್ಯಪ್ ಹಾಕಿಕೊಟ್ಟ. ಈಗ ದಿನಕ್ಕೆ ಮೂರು-ನಾಲ್ಕು ತಾಸು ಅದರಲ್ಲೇ ಇರುತ್ತಾನೆ. ಸ್ಕೋರ್ ಏರುತ್ತಿದೆ. ಆದರೆ ಕಿರಾಣಿ ಅಂಗಡಿಗೆ ಕಳಿಸಿದರೆ ಅರ್ಧ ಸಾಮಾನು ಬಿಟ್ಟು ಬರುತ್ತಾನೆ. ವೈನಿಗೆ (ಅತ್ತಿಗೆಗೆ) ಸಾಕಾಗಿ ಹೋಗಿದೆ. ಆಟದಿಂದ ನಿಜವಾಗಿ ಉಪಯೋಗ ಇದೆಯಾ? ಯಾವ ಆಟ, ಎಷ್ಟು ಹೊತ್ತು? ಇನ್ನೊಂದು: ಬೈಕ್ ಕೀಲಿ ಕೇಳುತ್ತಾನೆ. ‘ಮೊಬೈಲ್ ರೇಸಿನಲ್ಲಿ ಎಲ್ಲರನ್ನೂ ಸೋಲಿಸ್ತೀನಿ’ ಅನ್ನುತ್ತಾನೆ. ಕೊಡಬಹುದಾ?

ಉತ್ತರ: ಅರ್ಧ ಉತ್ತರವನ್ನು ನೀವೇ ಬರೆದಿದ್ದೀರಿ. ಸ್ಕೋರ್ ಏರಿದೆ, ಸಾಮಾನು ಪೂರ್ತಿ ಬಂದಿಲ್ಲ. ಒಂದು ಆಟವನ್ನು ಆಡುತ್ತಾ ಹೋದರೆ ಆ ಆಟ ಚೆನ್ನಾಗಿ ಬರುತ್ತದೆ. ಬೇರೆ ಕೆಲಸ ತಾನಾಗಿ ಬರುವುದಿಲ್ಲ.

ಇದನ್ನು ದೊಡ್ಡ ಮಟ್ಟದಲ್ಲೇ ಪರೀಕ್ಷೆ ಮಾಡಿದ್ದಾರೆ. 2010ರಲ್ಲಿ ಬ್ರಿಟನ್ನಿನ ಸಂಶೋಧಕರು ಬಿಬಿಸಿ ಜೊತೆ ಸೇರಿ 11,430 ಜನರಿಗೆ ಆರು ವಾರ ಇಂಥ ಆಟಗಳನ್ನು ಆಡಿಸಿದರು. ಆಡಿದ ಆಟಗಳಲ್ಲಿ ಜನ ಸುಧಾರಿಸಿದರು. ಆದರೆ ಅದನ್ನೇ ಹೋಲುವ ಬೇರೆ ಪರೀಕ್ಷೆ ಕೊಟ್ಟರೆ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ಅವರು ಆರೋಗ್ಯವಂತರು, ತಲೆಗೆ ಪೆಟ್ಟಾದವರಲ್ಲ. ಅಂಥವರಲ್ಲೇ ಹೀಗಾದರೆ ಏಟು ತಿಂದ ಮಿದುಳಿನಿಂದ ಹೆಚ್ಚು ಬಯಸುವುದು ಸರಿಯಲ್ಲ, ಅಲ್ವಾ? 2016ರಲ್ಲಿ ಲುಮೋಸಿಟಿ ಎಂಬ ಹೆಸರುವಾಸಿ ಬ್ರೇನ್ ಗೇಮಿನ ಕಂಪನಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಜಾಹೀರಾತಿನಲ್ಲಿ ಹೇಳಿಕೊಂಡಷ್ಟು ಲಾಭಕ್ಕೆ ಆಧಾರ ಇಲ್ಲ ಎಂಬುದು ಆಯೋಗದ ಆರೋಪ. ‘ಅಲ್ಲಿ ಒಂದು ವಿಡಿಯೋ ಗೇಮಿಗೆ ಸರ್ಕಾರವೇ ಒಪ್ಪಿಗೆ ಕೊಟ್ಟಿದೆಯಲ್ಲ’ ಅಂತ ಕೆಲವರು ಕೇಳುತ್ತಾರೆ. 2020ರಲ್ಲಿ ಕೊಟ್ಟಿದ್ದು ನಿಜ. ಆದರೆ ಆಗ ಕೊಟ್ಟಿದ್ದು 8ರಿಂದ 12 ವರ್ಷದ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೆ. ನಿಮ್ಮ ಅಣ್ಣನಂಥವರಿಗೆ ಅಲ್ಲ.

ಹಾಗಂತ ಆಟ ಬಿಡಿಸಿ ಅನ್ನುತ್ತಿಲ್ಲ. ಬೆಳಗಾವಿಯಲ್ಲಿ ತಲೆಗೆ ಪೆಟ್ಟಾದವರಿಗೆ ನಾನು ದಿನಾ ಆಟ ಆಡಿಸುವವಳೇ. ನನ್ನ ಮಟ್ಟಿಗೆ ಯಾವ ಆಟ ಅನ್ನುವುದಕ್ಕಿಂತ ಎದುರಿಗೆ ಯಾರು ಕೂತಿದ್ದಾರೆ, ಅವರು ಏನು ಮಾಡುತ್ತಾರೆ ಅನ್ನುವುದು ಮುಖ್ಯ. ಅಮೆರಿಕದ ಕೀತ್ ಸಿಸೆರೋನ್ ಮತ್ತು ಅವರ ಸಂಗಡಿಗರು 2000ದಿಂದ 2019ರವರೆಗೆ ಮಿದುಳಿಗೆ ಪೆಟ್ಟಾದವರಿಗೆ ಕೊಡುವ ತರಬೇತಿಯ ಅಧ್ಯಯನಗಳನ್ನೆಲ್ಲ ಕಲೆಹಾಕಿ ಮತ್ತೆ ಮತ್ತೆ ಜರಡಿ ಹಿಡಿದಿದ್ದಾರೆ. ತರಬೇತಿ ಪಡೆದವರು ಜೊತೆಗಿಲ್ಲದೆ ಬರೀ ಕಂಪ್ಯೂಟರ್ ಮುಂದೆ ಕೂರಿಸಿ ಅಭ್ಯಾಸ ಮಾಡಿಸುವುದು ಸಾಲದು ಅಂತಲೇ ಅವರ ಸಲಹೆ. ಯೋಚಿಸುವ ಕ್ರಮವನ್ನು ಕಲಿಸಿ, ಅದನ್ನು ದಿನದ ಕೆಲಸಕ್ಕೆ ಹಚ್ಚಿದರೆ ಉಪಯೋಗ ಇದೆ.

ಮೊದಲು ಅಣ್ಣನಿಗೆ ಏನಾಗಿದೆ ಅಂತ ತಿಳಿದುಕೊಳ್ಳಿ. ತಲೆ ಜೋರಾಗಿ ಗುದ್ದಿದಾಗ ಮಿದುಳು ತಲೆಬುರುಡೆಯ ಒಳಗೆ ಅಲುಗಾಡುತ್ತದೆ. ಬುರುಡೆಯ ತಳದ ಎಲುಬು ಮುಂಭಾಗದಲ್ಲಿ ಒರಟಾಗಿರುತ್ತದೆ. ಹಣೆಯ ಹಿಂದಿನ ಭಾಗ ಮತ್ತು ಕಿವಿಯ ಪಕ್ಕದ ಭಾಗ ಅದಕ್ಕೆ ಉಜ್ಜಿ ಜಜ್ಜಿಹೋಗುತ್ತವೆ. ಹಣೆಯ ಹಿಂದಿನದು ತಾಳ್ಮೆ, ಯೋಜನೆ, ತನ್ನನ್ನು ತಾನು ತಡೆದುಕೊಳ್ಳುವುದು ಇವನ್ನೆಲ್ಲ ನೋಡಿಕೊಳ್ಳುವ ಜಾಗ. ಕಿವಿಯ ಪಕ್ಕದ್ದಕ್ಕೆ ಹೊಸ ನೆನಪಿನ ಕೆಲಸ ಜಾಸ್ತಿ. ಇದರ ಜೊತೆಗೆ ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಉದ್ದನೆಯ ನರತಂತುಗಳು ಎಳೆದಾಡಿ ಹರಿಯುತ್ತವೆ. ಯೋಚನೆಯ ವೇಗ ತಗ್ಗುವುದು, ಎರಡು ಕೆಲಸ ಒಟ್ಟಿಗೆ ಆಗದಿರುವುದು ಬಹಳ ಮಟ್ಟಿಗೆ ಇದರಿಂದ. ಹೀಗೆ ಹರಿದದ್ದು ಸಿಟಿ ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ‘ಸ್ಕ್ಯಾನ್ ನಾರ್ಮಲ್ ಬಂದೈತಿ, ಸುಮ್ನೆ ನಾಟಕ’ ಅಂತ ಯಾರಾದರೂ ಅಂದರೆ ಅವರಿಗೆ ಇದನ್ನು ಹೇಳಿ. ‘ನನಗೇನೂ ಆಗಿಲ್ಲ’ ಅನ್ನುವ ವಾದ ಕೂಡ ಹಟವಲ್ಲ. ತನ್ನ ತಪ್ಪನ್ನು ತಾನು ಗಮನಿಸುವ ಜಾಗಕ್ಕೇ ಪೆಟ್ಟು ಬಿದ್ದಿರುತ್ತದೆ.

ಏಳು ತಿಂಗಳಾಗಿದೆ ಅಂತ ಬರೆದಿದ್ದೀರಿ. ಮೊದಲ ಆರು ತಿಂಗಳಲ್ಲಿ ಸುಧಾರಣೆ ವೇಗವಾಗಿ ಆಗುತ್ತದೆ, ನಿಜ. ಆಮೇಲೆ ನಿಂತೇಹೋಗುತ್ತದೆ ಅನ್ನುವುದು ನಿಜವಲ್ಲ. ಎರಡು ವರ್ಷ, ಅದಕ್ಕೂ ಆಚೆಗೆ ನಿಧಾನವಾಗಿ ನಡೆಯುತ್ತದೆ.

ಇನ್ನು ಆಟಕ್ಕೆ ಬರೋಣ. ಅದಕ್ಕೂ ಮೊದಲು ನಿಲ್ಲಿಸಬೇಕಾದ ಒಂದು ಆಟ ಇದೆ. ನಮ್ಮ ಕಡೆ ನೋಡಲು ಬಂದವರೆಲ್ಲ ಅದನ್ನು ಆಡುತ್ತಾರೆ. ‘ನಾ ಯಾರು ಹೇಳು ನೋಡೂಣು? ನನ್ನ ಗುರ್ತು ಹತ್ತಿತೇನು?’ ಪಾಪ, ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ನೆನಪಿನ ತೊಂದರೆ ಜಾಸ್ತಿ ಇರುವವರು ಊಹೆ ಮಾಡಿ ತಪ್ಪು ಹೇಳಿದರೆ ಆ ತಪ್ಪೇ ಮಿದುಳಿನಲ್ಲಿ ಕೂತುಬಿಡುತ್ತದೆ. ಮುಂದಿನ ಸಲವೂ ಅದೇ ಬಾಯಿಗೆ ಬರುತ್ತದೆ. 1994ರಲ್ಲಿ ಬ್ಯಾಡ್ಲಿ ಮತ್ತು ವಿಲ್ಸನ್ ಎಂಬ ಇಬ್ಬರು ಬ್ರಿಟಿಷ್ ಮನೋವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಅಂಥವರಿಗೆ ತಪ್ಪಿಗೆ ಅವಕಾಶವೇ ಕೊಡದೆ ಕಲಿಸಬೇಕು. ಬಂದವರು ‘ನಾನು ಜಮಖಂಡಿ ಸೋದರಮಾವ’ ಅಂತ ಮೊದಲೇ ಹೇಳಿ ಮಾತು ಶುರು ಮಾಡಲಿ.

ಮನೆಯಲ್ಲಿ ಹೊಸದೇನಾದರೂ ನೆನಪಿಡಿಸುವಾಗಲೂ ಇದೇ ರೀತಿ. ‘ನಿನ್ನ ಡೈರಿ ಟಿವಿ ಪಕ್ಕದಲ್ಲಿ’ ಅಂತ ಹೇಳಿ, ಕೂಡಲೇ ‘ಎಲ್ಲಿದೆ?’ ಅಂತ ಕೇಳಿ. ಅರ್ಧ ನಿಮಿಷ ಬಿಟ್ಟು ಮತ್ತೆ ಕೇಳಿ. ಆಮೇಲೆ ಒಂದು ನಿಮಿಷ, ಎರಡು, ನಾಲ್ಕು, ಎಂಟು. ತಡವರಿಸಿದರೆ ಊಹೆಗೆ ಬಿಡಬೇಡಿ, ನೀವೇ ಹೇಳಿ, ಹಿಂದಿನ ಅಂತರಕ್ಕೆ ಮರಳಿ.

ನಿಮ್ಮ ಅಣ್ಣನಿಗೆ ನಾನು ಹೇಳುವ ಆಟ ಚೌಕಾಬಾರ. ಬಾಲ್ಯದಲ್ಲಿ ಆಡಿರುತ್ತಾರೆ, ನಿಯಮ ಹೊಸದಾಗಿ ಕಲಿಸಬೇಕಿಲ್ಲ. ಹಳೆಯ ನೆನಪು ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಬೇಕಾಗಿದ್ದು ನಾಲ್ಕು ಕವಡೆ, ಇಲ್ಲದಿದ್ದರೆ ಒಂದು ಬದಿ ತಿಕ್ಕಿದ ಹುಣಸೆ ಬೀಜ, ಒಂದು ಸುಣ್ಣದ ತುಂಡು. ಇದರಲ್ಲಿ ಮಿದುಳಿಗೆ ಎಷ್ಟು ಕೆಲಸ ಇದೆ ನೋಡಿ. ಹೊರಗಿನ ಸುತ್ತು ಒಂದು ದಿಕ್ಕಿಗೆ, ಒಳಗಿನ ಸುತ್ತು ಅದರ ಎದುರು ದಿಕ್ಕಿಗೆ. ಅಲ್ಲಿ ಮನಸ್ಸನ್ನು ತಿರುಗಿಸಬೇಕು, ಇದು ಹಣೆಯ ಹಿಂದಿನ ಭಾಗದ ಕೆಲಸ. ನಾಲ್ಕೂ ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು, ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಆಗ ಮೊದಲು ಬಿದ್ದ ಸಂಖ್ಯೆಯನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಗೆ ಹೋಗುವಂತಿಲ್ಲ. ಹೊಡೆಯಲು ಹೋದರೆ ತನ್ನ ಕಾಯಿಗೆ ಅಪಾಯ. ಇದು ತೂಗಿ ನೋಡುವ ಕೆಲಸ. ಊರಿಂದೂರಿಗೆ ನಿಯಮ ಸ್ವಲ್ಪ ಬದಲಾಗುತ್ತದೆ, ನಿಮ್ಮೂರಿನದನ್ನೇ ಇಟ್ಟುಕೊಳ್ಳಿ. ಅವರ ಮಿದುಳಿಗೆ ಗೊತ್ತಿರುವುದು ಅದೇ.

ಶುರುವಿಗೆ ಒಬ್ಬರಿಗೆ ಒಂದೇ ಕಾಯಿ. ಟಿವಿ ಬಂದ್. ಇಬ್ಬರೇ ಆಡಬೇಕು. ಆಮೇಲೆ ಎರಡು ಕಾಯಿ, ಹಾಗೆಯೇ ನಾಲ್ಕಕ್ಕೆ ಏರಿಸಿ. ಅದು ಸಲೀಸಾದಾಗ ರೇಡಿಯೋ ಸಣ್ಣಗೆ ಹಚ್ಚಿ. ಅದಕ್ಕೂ ಹೊಂದಿಕೊಂಡರೆ ಇನ್ನೊಂದು ಕೆಲಸ ಕೊಡಿ: ವೈನಿ ಒಳಗೆ ಕುಕ್ಕರ್ ಇಟ್ಟಿರುತ್ತಾರೆ, ಮೂರು ಸೀಟಿ ಆದ ಕೂಡಲೇ ಇವರು ಕೂಗಿ ಹೇಳಬೇಕು. ಆಟವೂ ನಡೆಯಬೇಕು, ಸೀಟಿಯೂ ಎಣಿಸಬೇಕು. ಗಮನವನ್ನು ಎರಡು ಕಡೆ ಹಂಚುವ ಅಭ್ಯಾಸಕ್ಕೆ ಇದಕ್ಕಿಂತ ಅಗ್ಗದ ಉಪಕರಣ ನನ್ನ ಬಳಿಯೂ ಇಲ್ಲ.

ಈಗ ನಿಮ್ಮ ಪಾತ್ರ. ಒಂದೇ ಒಂದು ನಿಯಮ ಹೆಚ್ಚಿಗೆ ಸೇರಿಸಿ. ಕಾಯಿ ಮುಟ್ಟುವ ಮೊದಲು ಬಾಯಲ್ಲಿ ಹೇಳಬೇಕು: ಯಾವ ಕಾಯಿ, ಎಲ್ಲಿಗೆ, ಯಾಕೆ. ಅಲ್ಲಿಯವರೆಗೆ ಕೈ ತೊಡೆಯ ಮೇಲೆ. ನೀವೂ ಹಾಗೇ ಆಡಿ, ಇಲ್ಲದಿದ್ದರೆ ಅವರಿಗೆ ಅವಮಾನ ಅನ್ನಿಸುತ್ತದೆ. ಕೆಲವು ವಾರ ಜೋರಾಗಿ ಹೇಳಲಿ, ಆಮೇಲೆ ಪಿಸುಮಾತಿನಲ್ಲಿ, ಆಮೇಲೆ ಮನಸ್ಸಿನಲ್ಲಿ. ತಡೆಯುವ ಬ್ರೇಕ್ ಸಡಿಲಾದವರಿಗೆ ಹೀಗೆ ಹೊರಗಿನಿಂದ ಒಂದು ಬ್ರೇಕ್ ಕೂರಿಸಿ, ಆಮೇಲೆ ಅದನ್ನು ಒಳಗೆ ಸರಿಸುತ್ತಾ ಹೋಗುತ್ತೇವೆ.

ಆಟಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳಿ. ‘ಅಣ್ಣಾ, ಇವತ್ತು ಎಷ್ಟು ಸಲ ಹೇಳದೇ ಕಾಯಿ ಮುಟ್ಟಬಹುದು?’ ‘ಒಂದು ಸಲಾನೂ ಇಲ್ಲ’ ಅನ್ನುತ್ತಾರೆ. ಕಾಗದದ ಮೇಲೆ ಸೊನ್ನೆ ಬರೆದುಕೊಳ್ಳಲಿ. ಆಟದಲ್ಲಿ ಮುಟ್ಟಿದಾಗೆಲ್ಲ ಅವರ ಕೈಯಿಂದಲೇ ಒಂದು ಗೀಟು ಹಾಕಿಸಿ. ಮುಗಿದ ಮೇಲೆ ಅವರೇ ಎಣಿಸಲಿ. ನೀವು ‘ನೋಡಿದ್ಯಾ, ನಾ ಹೇಳಿರಲಿಲ್ವಾ’ ಅನ್ನಬಾರದು. ಒಂದು ಮಾತೂ ಬೇಡ. ಮರುದಿನ ಅದೇ ಪ್ರಶ್ನೆ ಕೇಳಿ. ಅವರು ಹೇಳುವ ಸಂಖ್ಯೆ ನಿಧಾನಕ್ಕೆ ನಿಜಕ್ಕೆ ಹತ್ತಿರ ಬರುತ್ತದೆ. ನನಗೆ ಗೆಲುವು-ಸೋಲಿಗಿಂತ ಈ ಕಾಗದ ಮುಖ್ಯ. ತನ್ನ ತೊಂದರೆ ಇಷ್ಟಿದೆ ಅಂತ ಒಪ್ಪಿಕೊಂಡವರು ಮಾತ್ರ ಡೈರಿ ಬರೆಯುತ್ತಾರೆ, ಅಲಾರಾಂ ಇಟ್ಟುಕೊಳ್ಳುತ್ತಾರೆ. ಜಗಳ ಮಾಡಿ ಒಪ್ಪಿಸಲು ಆಗುವುದಿಲ್ಲ.

ಆಟದಿಂದ ಅಂಗಡಿಗೆ ಸೇತುವೆ ನೀವೇ ಕಟ್ಟಬೇಕು, ಅದು ತಾನಾಗಿ ಆಗದು. ಚೀಟಿ ಅವರ ಕೈಯಲ್ಲೇ ಬರೆಸಿ. ನೆನಪಿಟ್ಟುಕೊಂಡು ತಾ ಅನ್ನುವ ಪರೀಕ್ಷೆ ಬೇಡ. ಜಾರಿದ ನೆನಪು ಆಟದಿಂದ ಹಿಂದಿನಂತೆ ಮರಳುತ್ತದೆ ಅಂತ ನಾನು ಭರವಸೆ ಕೊಡುವುದಿಲ್ಲ. ಚೀಟಿ, ಡೈರಿ, ಫೋನಿನ ಅಲಾರಾಂ ಇವೇ ಹೆಚ್ಚು ಕೆಲಸಕ್ಕೆ ಬರುತ್ತವೆ. ಆದರೆ ಚೀಟಿ ಜೇಬಿನಲ್ಲಿದ್ದರೂ ತೆಗೆದು ನೋಡದೇ ಬರುತ್ತಾರಲ್ಲ, ಆಟದ ಅಭ್ಯಾಸ ಬೇಕಾಗುವುದು ಅಲ್ಲಿ. ಅಂಗಡಿ ಬಿಡುವ ಮೊದಲು ಕೈ ತೊಡೆಗೆ, ಬಾಯಲ್ಲಿ ಹೇಳು: ಚೀಟಿಯಲ್ಲಿ ಇದು, ಚೀಲದಲ್ಲಿ ಇದು. ಅದೇ ಮಾತು, ಅದೇ ಕ್ರಮ. ಮೊದಲು ನೀವು ಜೊತೆಗೆ ಹೋಗಿ. ಮೂರು ಸಾಮಾನಿನಿಂದ ಶುರು ಮಾಡಿ. ಅಂಗಡಿಯವರಿಗೂ ಒಂದು ಮಾತು ಹೇಳಿಟ್ಟಿರಿ, ಹಳ್ಳಿಯಲ್ಲಿ ಈ ಒಂದು ಅನುಕೂಲ ಇದೆ.

ಕಾಟಾ ಕೆಲಸಕ್ಕೂ ಸೇತುವೆ ಇದೆ. ಹಳೆಯ ಪಾವತಿಗಳು ಮನೆಯಲ್ಲಿ ಇರಬಹುದು. ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಕಳೆದು ಬರುವ ಕಬ್ಬಿನ ತೂಕ. ಈ ಲೆಕ್ಕವನ್ನೇ ಆಟ ಮಾಡಿ. ನೀವು ಡ್ರೈವರ್, ಗಾಡಿ ನಂಬರ್ ಕೂಗಿ. ಅವರು ಬರೆದುಕೊಂಡು, ಕಳೆದು, ಪಾವತಿ ಕೊಡಲಿ. ಹಿಡಿತ ಬಂದ ಮೇಲೆ ನಡುವೆ ಮಗನಿಂದ ‘ಅಪ್ಪಾ, ಪೆನ್ಸಿಲ್ ಎಲ್ಲಿ?’ ಅಂತ ಕೇಳಿಸಿ. ಅಡ್ಡಿ ಬಂದಾಗ ಎಲ್ಲಿ ನಿಂತಿದ್ದೆ ಅಂತ ಬೆರಳಿಟ್ಟುಕೊಂಡು, ಉತ್ತರ ಕೊಟ್ಟು, ಅಲ್ಲಿಂದಲೇ ಮುಂದುವರಿಯುವುದು. ಕೆಲಸಕ್ಕೆ ಮರಳುವ ಮಾತು ಬಂದಾಗ ಹಂಗಾಮಿನ ನಡುವೆ ಬೇಡ. ಗಾಡಿಗಳ ಸಾಲು, ರಾತ್ರಿ ಪಾಳಿ, ಡ್ರೈವರುಗಳ ಬೈಗುಳ, ಇವು ಗಟ್ಟಿ ತಲೆಯವರಿಗೇ ಕಷ್ಟ. ಕಾರ್ಖಾನೆ ತಣ್ಣಗಿರುವ ತಿಂಗಳುಗಳಲ್ಲಿ, ಹಗಲು ಹೊತ್ತು, ಅರ್ಧ ದಿನದಿಂದ ಶುರು ಮಾಡಲು ಕೇಳಿಕೊಳ್ಳಿ.

ಬೇರೆ ಆಟಗಳನ್ನೂ ಸೇರಿಸಬಹುದು. ಜೋಳ, ತೊಗರಿ, ಮಡಿಕೆ ಕಾಳು ಕಲಸಿ ಬೇರೆ ಮಾಡಿಸುವುದು ನಿಮ್ಹಾನ್ಸ್‌ನ ಗಮನದ ಅಭ್ಯಾಸಗಳಲ್ಲೂ ಇದೆ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಕಾಳು ತಪ್ಪಾದವು ಅಂತ ಬರೆದಿಡಿ. ಪೇಪರಿನ ಒಂದು ಸುದ್ದಿಯಲ್ಲಿ ‘ಕ’ ಇರುವಲ್ಲೆಲ್ಲ ಗೆರೆ ಹೊಡೆಯುವುದು ಇನ್ನೊಂದು. ಮೊದಲು ಬರೀ ‘ಕ’, ಆಮೇಲೆ ಕಾ, ಕಿ, ಕು, ಕೊನೆಗೆ ಒತ್ತಕ್ಷರವೂ ಸೇರಲಿ. ಎಡಬದಿಯ ಅಕ್ಷರಗಳನ್ನೇ ಮತ್ತೆ ಮತ್ತೆ ಬಿಡುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಅದು ಮರೆವಲ್ಲ, ಆ ಬದಿ ಗಮನಕ್ಕೇ ಬರುತ್ತಿಲ್ಲ ಅಂತ ಅರ್ಥ ಇರಬಹುದು. ಮಾತು ತಡವರಿಸುವವರಿಗೆ ‘ಹೆಸರು, ಊರು, ಪ್ರಾಣಿ, ವಸ್ತು’ ಆಟ ಒಳ್ಳೆಯದು. ಹುಲಿ-ಕುರಿ ಆಟ ಕಷ್ಟದ್ದು, ಅದನ್ನು ಆಮೇಲೆ ನೋಡೋಣ.

ಹೊತ್ತಿನ ಪ್ರಶ್ನೆ. ಮೂರು-ನಾಲ್ಕು ತಾಸು ಖಂಡಿತ ಬೇಡ. ಏಟು ತಿಂದ ಮಿದುಳು ಬೇಗ ದಣಿಯುತ್ತದೆ, ದಣಿದ ಮೇಲೆ ಆಡಿದ್ದು ಕಲಿಕೆಯಲ್ಲ. ಬೆಳಿಗ್ಗೆ ನಾಷ್ಟಾ ಆದ ಮೇಲೆ 20 ನಿಮಿಷ, ಸಂಜೆ ಚಹಾ ಆದ ಮೇಲೆ 20 ನಿಮಿಷ. ಆಕಳಿಕೆ, ಕಣ್ಣು ಉಜ್ಜುವುದು, ತಪ್ಪು ಹೆಚ್ಚುವುದು, ದನಿ ಏರುವುದು ಕಂಡರೆ ಆಟ ಅರ್ಧಕ್ಕೇ ಬಿಡಿ. ನಿಮ್ಮ ವೈನಿ ಹೇಳುವ ಸಿಟ್ಟಿನಲ್ಲಿ ಸುಮಾರು ಪಾಲು ದಣಿವಿನದೇ ಇರಬಹುದು. ದಿನದ ಯಾವ ಹೊತ್ತಿನಲ್ಲಿ ಸಿಟ್ಟು ಬರುತ್ತದೆ ಅಂತ ಒಂದು ವಾರ ಬರೆದಿಟ್ಟರೆ ಗೊತ್ತಾಗುತ್ತದೆ. ರಾತ್ರಿ ಮೊಬೈಲ್ ಪೂರ್ತಿ ಬಂದ್. ನಿದ್ದೆಗೆಟ್ಟರೆ ನೆನಪೂ ಕೆಡುತ್ತದೆ, ಫಿಟ್ಸ್ ಬರುವ ಭಯವೂ ಹೆಚ್ಚು. ಆ ಆ್ಯಪನ್ನು ಕಿತ್ತು ಹಾಕಬೇಕಿಲ್ಲ. ಮಧ್ಯಾಹ್ನ ಕಾಲು ತಾಸು ಮೋಜಿಗೆ ಆಡಲಿ, ಔಷಧ ಅಂತ ಅಲ್ಲ. ದುಡ್ಡು ಕಟ್ಟಿ ವರ್ಷದ ಚಂದಾ ಮಾತ್ರ ಮಾಡಿಸಬೇಡಿ.

ದುಡ್ಡಿನ ಮಾತು ಬಂತು, ಒಂದು ಎಚ್ಚರಿಕೆ. ಇಸ್ಪೀಟನ್ನು ಮನೆಯಲ್ಲಿ ಜೋಡಿ ಹುಡುಕುವ ಆಟವಾಗಿ ಆಡಿಸಿ, ಪಣ ಕಟ್ಟುವ ಕಡೆಗೆ ಬಿಡಬೇಡಿ. 1994ರಲ್ಲಿ ಅಮೆರಿಕದ ಅಯೋವಾದಲ್ಲಿ ಬೆಚಾರಾ, ಡಮಾಸಿಯೊ ಮತ್ತು ಅವರ ಜೊತೆಗಾರರು ನಾಲ್ಕು ಕಟ್ಟು ಎಲೆಗಳ ಒಂದು ಪರೀಕ್ಷೆ ಮಾಡಿದರು. ಎರಡು ಕಟ್ಟಿನಲ್ಲಿ ದೊಡ್ಡ ಲಾಭ, ಅದಕ್ಕಿಂತ ದೊಡ್ಡ ನಷ್ಟ. ಇನ್ನೆರಡರಲ್ಲಿ ಸಣ್ಣ ಲಾಭ, ಇನ್ನೂ ಸಣ್ಣ ನಷ್ಟ. ಆರೋಗ್ಯವಂತರು ಸ್ವಲ್ಪ ಹೊತ್ತಿನಲ್ಲೇ ಮೊದಲ ಎರಡು ಕಟ್ಟನ್ನು ಬಿಟ್ಟರು. ಹಣೆಯ ಹಿಂದೆ, ಕೆಳಭಾಗದಲ್ಲಿ ಪೆಟ್ಟಾದವರು ಕಳೆದುಕೊಳ್ಳುತ್ತಾ ಅದನ್ನೇ ಎತ್ತುತ್ತಾ ಹೋದರು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯುವ ಕೇಂದ್ರದ ಕಾನೂನು 2025ರಲ್ಲಿ ಬಂದಿದೆ. ಊರ ಕಟ್ಟೆಯ ಮೇಲಿನ ಅಂದರ್-ಬಾಹರ್ ಮೇಲೆ ನೀವೇ ಕಣ್ಣಿಡಬೇಕು. ಎಟಿಎಂ ಕಾರ್ಡ್, ಫೋನ್‌ಪೇ ಪಿನ್ ಕೆಲ ಕಾಲ ವೈನಿ ಹತ್ತಿರ ಇರಲಿ.

ಮಕ್ಕಳ ಜೊತೆ ಆಡುವಾಗ ಬೇಕಂತಲೇ ಸೋತು ಅಣ್ಣನನ್ನು ಗೆಲ್ಲಿಸಬೇಡಿ. ಅವರಿಗೆ ಗೊತ್ತಾಗುತ್ತದೆ. ಅದರ ಬದಲು ಮಗನಿಗೆ ಆಟ ಕಲಿಸುವ ಕೆಲಸ ಅವರಿಗೇ ಕೊಡಿ. ನಿಯಮಗಳನ್ನು ಕ್ರಮವಾಗಿ ಹೇಳುವುದೂ ಒಳ್ಳೆಯ ಅಭ್ಯಾಸ, ಅಪ್ಪನ ಗೌರವವೂ ಉಳಿಯುತ್ತದೆ.

ಇಷ್ಟನ್ನೂ ಮನೆಯವರೇ ಹೊರಬೇಕು ಅಂತ ಅಲ್ಲ. ಒಂದು ಸಲ ಸರಿಯಾದ ಪರೀಕ್ಷೆ ಆಗಲಿ, ಯಾವುದು ಕುಂದಿದೆ ಅಂತ ತಿಳಿದರೆ ಆಟದ ಆಯ್ಕೆ ಸುಲಭ. ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಮತ್ತು ನರರೋಗಗಳ ಆಸ್ಪತ್ರೆ) ನಿಮಗೆ ಬೆಂಗಳೂರಿಗಿಂತ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪುನರ್ವಸತಿ ವಿಭಾಗ ಇದೆ. ವೈನಿಗೆ ಸಾಕಾಗಿದೆ ಅಂದಿರಿ, ಅದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರೇ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬಹುದು, ಖರ್ಚಿಲ್ಲ. ಅಣ್ಣ ಮಂಕಾಗಿ, ಯಾವುದೂ ಬೇಡ ಅನ್ನುತ್ತಿದ್ದರೆ ಅದು ಖಿನ್ನತೆ ಇರಬಹುದು. ತಲೆಪೆಟ್ಟಿನ ನಂತರ ಅದು ಸಾಮಾನ್ಯ, ಔಷಧವೂ ಇದೆ. ತಲೆನೋವು ದಿನದಿನಕ್ಕೆ ಏರುವುದು, ವಾಂತಿ, ಹಗಲೆಲ್ಲ ಮಂಪರು, ಸರಿಯಿದ್ದ ನಡಿಗೆ ಕೆಡುವುದು ಕಂಡರೆ ಆಟ, ಅಭ್ಯಾಸ ಎಲ್ಲಾ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ.

ಕೊನೆಗೆ ಬೈಕ್ ಕೀಲಿ. ಕೊಡಬೇಡಿ. ರೇಸ್ ಆಟದಲ್ಲಿ ಹೆಬ್ಬೆರಳು ಓಡಿದರೆ ಸಾಕು. ಅಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ, ಬಿದ್ದರೆ ಮತ್ತೆ ಶುರು ಮಾಡಬಹುದು. ರಸ್ತೆಯಲ್ಲಿ ಬೇಕಾಗುವುದು ಎರಡೂ ಬದಿಯ ನೋಟ, ಗಮನ ಹಂಚುವುದು, ತಡೆದುಕೊಳ್ಳುವುದು. ಅವರಿಗೆ ಈಗ ಕಷ್ಟವಾಗಿರುವುದು ಇವೇ. ಫಿಟ್ಸ್ ಬಂದಿದ್ದರಂತೂ ಕಾನೂನಿನ ಅಡ್ಡಿಯೂ ಇದೆ. ತಲೆಗೆ ಎರಡನೇ ಪೆಟ್ಟು ಮೊದಲಿನದಕ್ಕಿಂತ ಕೆಟ್ಟದ್ದಾಗಬಹುದು, ಆಪರೇಷನ್ನಿನಲ್ಲಿ ಎಲುಬು ತೆಗೆದು ಇನ್ನೂ ಕೂರಿಸಿಲ್ಲದಿದ್ದರೆ ಹೇಳುವುದೇ ಬೇಡ. ಆದರೆ ಈ ವಿಷಯಕ್ಕೆ ದಿನಾ ಜಗಳ ಮಾಡಬೇಡಿ. ಮುಂದಿನ ಭೇಟಿಯಲ್ಲಿ ಡಾಕ್ಟರ ಕೈಯಿಂದಲೇ ಚೀಟಿಯಲ್ಲಿ ಬರೆಸಿ: ಇಂಥ ತಾರೀಖಿನ ತಪಾಸಣೆವರೆಗೆ ಗಾಡಿ ಓಡಿಸಬಾರದು. ಅದನ್ನು ಅವರ ಡೈರಿಯ ಮೊದಲ ಪುಟಕ್ಕೆ ಅಂಟಿಸಿ. ಕೀಲಿ ಕೇಳಿದಾಗ ‘ಕೊಡಲ್ಲ’ ಅನ್ನುವ ಬದಲು ‘ಡೈರಿ ನೋಡು ಅಣ್ಣಾ’ ಅನ್ನಿ.